ಕಿಚ್ಚಿನ ಪಕ್ಕ ಬಿಟ್ಟ ದಾರಿ

ಬೋಗಾದಿಯ ಹಳೇ ಊರಿನಲ್ಲಿ ಸಂಕ್ರಾಂತಿಯ ಕಿಚ್ಚು ಎಷ್ಟು ಎತ್ತರ ಇರಬೇಕೆಂದು ನಿಶ್ಚಯಿಸುತ್ತಿದ್ದದ್ದು ದೇವರಾಜು ಅವರ ಮೊಣಕಾಲು. ಬೀದಿಗೆ ಅಡ್ಡಲಾಗಿ ನೆಲ್ಲುಹುಲ್ಲು ಹಾಸಿ ಮುಗಿದ ಮೇಲೆ ಅವರು ಪಂಚೆ ಎತ್ತಿ ಕಟ್ಟಿ, ಹುಲ್ಲಿನ ಸಾಲಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಇಡುತ್ತಾ ನಡೆಯುತ್ತಿದ್ದರು. ಮೊಣಕಾಲ ಚಿಪ್ಪಿಗಿಂತ ಮೇಲೆ ಎಲ್ಲಾದರೂ ಹುಲ್ಲು ಎದ್ದಿದ್ದರೆ ಹಿರಿದು ಎಸೆಯುತ್ತಿದ್ದರು. ಆಳು ಕುಳ್ಳು. ಹಾಗಾಗಿ ಮೈಸೂರಿನ ಸುತ್ತಮುತ್ತ ಎಲ್ಲೂ ಇಲ್ಲದಷ್ಟು ಗಿಡ್ಡ ಕಿಚ್ಚು ತಮ್ಮದೆಂದು ಬೀದಿಯವರು ನಗುತ್ತಿದ್ದರು.

"ದೇವ್ರಾಜಣ್ಣ, ಇದನ್ನ ದನ ಅಲ್ಲ, ಕೋಳಿ ಹಾಯ್ತದೆ."

"ಕೋಳಿನೂ ಸುಟ್ಕೋಬಾರ್ದು ಕಣ್ಲಾ" ಎನ್ನುತ್ತಿದ್ದರು ಅವರು, ತಲೆ ಎತ್ತದೆ.

ಹಬ್ಬದ ದಿನ ದನಗಳ ಮೈ ತೊಳೆದು, ಅರಿಶಿನ ಬಳಿದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಉರಿಯುವ ಹುಲ್ಲಿನ ಮೇಲೆ ಹಾರಿಸಿದರೆ ಮೈಗೆ ಕಚ್ಚಿದ ಉಣ್ಣೆ ಉದುರುತ್ತದೆ, ರೋಗ ಊರೊಳಗೆ ಕಾಲಿಡುವುದಿಲ್ಲ ಎಂಬುದು ನಂಬಿಕೆ. ಹೊಲಗಳು ಸೈಟುಗಳಾಗಿ, ಪಿ.ಜಿ.ಗಳ ಬೋರ್ಡು ಊರ ಬಾಗಿಲ ತನಕ ಬಂದ ಮೇಲೂ ಮಾರಿಗುಡಿ ಬೀದಿಯ ಹನ್ನೊಂದು ಮನೆಗಳಲ್ಲಿ ದನಗಳು ಉಳಿದಿದ್ದವು. ಅವುಗಳಲ್ಲಿ ಮೊದಲು ಹಾಯಬೇಕಾದ್ದು ದೇವರಾಜು ಅವರ ಮನೆತನದ ದನ. ಅವರ ಮನೆಯದು ಹಾಯದೆ ಬೇರೆ ಯಾರದ್ದೂ ಹಾಯುವಂತಿಲ್ಲ. ಅವರ ತಾತನ ಕಾಲದಿಂದ ಹಾಗೆ ನಡೆದು ಬಂದಿತ್ತು. ಹುಲ್ಲು ಹಾಸುವ ಕೆಲಸವೂ ಆ ಮನೆಯದೇ.

ಅಪ್ಪ ತೀರಿಕೊಂಡು ಆ ಕೆಲಸ ಕೈಗೆ ಬಂದ ವರ್ಷದಿಂದಲೇ ದೇವರಾಜು ಅದಕ್ಕೆ ಕಟ್ಟುಪಾಡು ಹಾಕುತ್ತಾ ಬಂದರು. ಬರೀ ನೆಲ್ಲುಹುಲ್ಲು, ಪೆಟ್ರೋಲ್ ಚಿಮುಕಿಸುವಂತಿಲ್ಲ. ಪಟಾಕಿ ಕೂಡದು. ಗಬ್ಬದ ಹಸುವನ್ನು ಬೀದಿಗೇ ತರಬಾರದು. ಎರಡು ಹಾಲುಹಲ್ಲು ಬೀಳದ ಕರುವನ್ನು ಬೆಂಕಿಯ ಹತ್ತಿರ ಬಿಡಬಾರದು. ಹಸುವಾದರೆ ಕೆಚ್ಚಲಿಗೆ ಒದ್ದೆ ಮಣ್ಣು ಬಳಿದಿರಬೇಕು. ಮಣ್ಣು ಬಳಿಯದೆ ಬಂದವರನ್ನು ಅವರು ಬೈಯುತ್ತಿರಲಿಲ್ಲ. ತಾವೇ ಕೂತು ಬಳಿಯುತ್ತಿದ್ದರು. ಅಷ್ಟು ಹೊತ್ತೂ ಬೀದಿಯೆಲ್ಲ ಕಾಯಬೇಕಾಗುತ್ತಿತ್ತು. ಹೀಗೆ ಕಾಯಿಸಿದ ನಾಚಿಕೆಗೇ ಮರುವರ್ಷ ಎಲ್ಲರೂ ಮನೆಯಲ್ಲೇ ಬಳಿದುಕೊಂಡು ಬರುತ್ತಿದ್ದರು.

ಈ ನಿಧಾನವನ್ನು ಅವರು ಕಲಿತದ್ದು ದನದ ಆಸ್ಪತ್ರೆಯಲ್ಲಿ. ಮೂವತ್ನಾಲ್ಕು ವರ್ಷ ಅಲ್ಲಿ ಅಟೆಂಡರ್ ಆಗಿದ್ದರು. ಮೊಂಡು ಎತ್ತು ಬಂದರೆ ಡಾಕ್ಟರು ಸೂಜಿ ತೆಗೆಯುವ ಮೊದಲು, "ದೇವರಾಜು ಇದಾನಾ?" ಎಂದು ಕೇಳುತ್ತಿದ್ದರಂತೆ. ಅವರು ಹಗ್ಗ ಹಾಕುತ್ತಿರಲಿಲ್ಲ. ಒಂದು ಕೈ ಕೊಂಬಿನ ಬುಡದಲ್ಲಿ, ಇನ್ನೊಂದು ಕೊರಳ ಕೆಳಗಿನ ಗಂಗೆದೊಗಲಿನಲ್ಲಿ, ಬಾಯಿ ಕಿವಿಯ ಹತ್ತಿರ. ಏನು ಹೇಳುತ್ತಿದ್ದರೆಂದು ಕೇಳಿದರೆ, "ನನ್ ಸಂಬಳದ ವಿಚಾರ" ಎಂದು ನಗುತ್ತಿದ್ದರು. ಚಳಿಗಾಲದಲ್ಲಿ ಕೆಚ್ಚಲು ಮುಟ್ಟುವ ಮೊದಲು ಬಿಸಿನೀರಿನ ಬಕೀಟಿನಲ್ಲಿ ಕೈ ಅದ್ದಿಕೊಂಡು ಕೂರುತ್ತಿದ್ದರು. ರಿಟೈರಾದ ಮೇಲೂ, ಮನೆಯ ಹಸು ಕರೆಯುವಾಗಲೂ ಅದೇ ಅಭ್ಯಾಸ. ಅವರ ಹೆಂಡತಿ ಮಂಗಳಮ್ಮ, "ನಾನು ನಲವತ್ತು ವರ್ಷದಿಂದ ತಣ್ಣೀರಲ್ಲಿ ಪಾತ್ರೆ ತಿಕ್ತಾವ್ನಿ, ನನ್ ಕೈಗೆ ಒಂದ್ ಲೋಟ ಬಿಸಿನೀರು ಕೊಟ್ಟೋರಿಲ್ಲ. ಹಸುಗೆ ದಿನಾ ಒಂದ್ ಬಕೀಟು" ಎಂದು ಒಮ್ಮೆ ಅಂದುಬಿಟ್ಟರು. ಮಾರನೆಯ ದಿನದಿಂದ ಎರಡು ಬಕೀಟು ಕಾಯತೊಡಗಿತು.

ಅವರ ಮೊಪೆಡ್ಡಿನ ಡಬ್ಬಿಯಲ್ಲಿ ಯಾವಾಗಲೂ ಮೆತ್ತನೆಯ ನೂಲಿನ ಹಗ್ಗದ ಉಂಡೆಯೊಂದು ಇರುತ್ತಿತ್ತು. ದಾರಿಯಲ್ಲಿ ಪ್ಲಾಸ್ಟಿಕ್ ಮೂಗುದಾರ ಹಾಕಿದ ಎತ್ತು ಕಂಡರೆ ಗಾಡಿ ನಿಲ್ಲಿಸಿ ಬದಲಿಸಿಕೊಡುತ್ತಿದ್ದರು. ಒಮ್ಮೆ ಬನ್ನಿಮಂಟಪದ ಹತ್ತಿರ ಹೊರಲಾರದಷ್ಟು ಇಟ್ಟಿಗೆ ಹೇರಿದ್ದ ಗಾಡಿಯವನನ್ನು ತಡೆದು ಬುದ್ಧಿ ಹೇಳಲು ಹೋಗಲಿಲ್ಲ. "ಅಣ್ಣ, ಒಂದ್ ಬೀಡಿ ಸೇದೋ ಹೊತ್ತು ಆ ನೊಗ ನೀನು ಹಿಡ್ಕೊ, ಎತ್ತು ಉಚ್ಚೆ ಹುಯ್ಕೊಂಡ್ ಬರ್ಲಿ" ಎಂದರು. ಅವನು ಹಿಡಿದ. ಬೀಡಿ ಅರ್ಧ ಆಗುವ ಮೊದಲೇ ಇಟ್ಟಿಗೆ ಇಳಿಸಲು ಶುರುಮಾಡಿದ.

ಇಂಥ ಮನುಷ್ಯನ ಕೈಯಿಂದಲೇ ಕೆಂದಿ ಸುಟ್ಟುಕೊಂಡಳು.

ಕೆಂದಿ ಅವರ ಅಕ್ಕ ಮಂಚಮ್ಮನ ಹಸು. ಅಕ್ಕನ ಮನೆ ಪಕ್ಕದ್ದೇ. ಎರಡೂ ಮನೆಗೆ ಸೇರಿ ಒಂದೇ ಕೊಟ್ಟಿಗೆ. ಆರೇಳು ವರ್ಷದ ಹಿಂದಿನ ಮಾತು. ಕಿಚ್ಚು ಹಾರಿದ ದನದ ಗೊರಸಿಗೆ ತಂಪಾಗಲೆಂದು ಅವರು ಪ್ರತಿವರ್ಷ ಆಚೆ ಬದಿಯಲ್ಲಿ ನಾಲ್ಕು ಕೊಡ ನೀರು ಸುರಿಯುತ್ತಿದ್ದರು. ಮಣ್ಣಿನ ಬೀದಿ, ನೀರು ಇಂಗಿ ನೆಲ ಹದವಾಗುತ್ತಿತ್ತು. ಆ ವರ್ಷ ಕಾರ್ತಿಕದಲ್ಲಿ ಬೀದಿಗೆ ಕಾಂಕ್ರೀಟ್ ಹಾಕಿದ್ದರು. ದೇವರಾಜು ಅಷ್ಟೇ ನಾಲ್ಕು ಕೊಡ ಸುರಿದರು. ನೀರು ಇಂಗಲಿಲ್ಲ, ನಿಂತಿತು. ಮೊದಲು ಹಾರಿದ ಕೆಂದಿಯ ಮುಂಗಾಲು ಜಾರಿ, ಹಿಂಭಾಗ ಕೆಂಡದ ಮೇಲೆ ಕೂತಿತು.

ನಾಲ್ಕು ತಿಂಗಳು ಅವರು ಕೊಟ್ಟಿಗೆಯಲ್ಲೇ ಊಟ ಮಾಡಿದರು. ಕೆಂದಿ ಉಳಿದಳು. ಎರಡು ಮೊಲೆ ಹೋದವು, ಹಿಂಗಾಲು ಕುಂಟಾಯಿತು. ಮಂಚಮ್ಮ ಒಂದು ದಿನವೂ ತಮ್ಮನನ್ನು ದೂರಲಿಲ್ಲ. "ನಿನ್ ಕೈ ತೆಪ್ಪಿಲ್ಲ ಬುಡು ದ್ಯಾವ, ನೆಲದ್ ತೆಪ್ಪು" ಅಂದುಬಿಟ್ಟರು. ಬೈದಿದ್ದರೆ ಬಹುಶಃ ಹಗುರಾಗುತ್ತಿತ್ತು.

ಮರುವರ್ಷದಿಂದ ನೀರಿನ ಬದಲು ಮರಳು ಬಂತು. ಆಮೇಲೆ ಒಂದು ದನದ ಕೂದಲೂ ಕೊಂಕಲಿಲ್ಲ. ಮರಳಿನ ವಿಚಾರ ಹೇಳುವಾಗ ದೇವರಾಜು ಅವರ ದನಿಯಲ್ಲಿ ಸಣ್ಣ ಹೆಮ್ಮೆ ಇರುತ್ತಿತ್ತು. ತಪ್ಪು ಮಾಡಿ, ತಪ್ಪು ತಿದ್ದಿಕೊಂಡವರ ಹೆಮ್ಮೆ.

ಅದನ್ನು ಅಲುಗಾಡಿಸಿದವಳು ಮೊಮ್ಮಗಳು ಸಿಂಚನ. ಮಗಳ ಮಗಳು, ಕಾನೂನು ಓದಲು ಬಂದು ಅಜ್ಜಿ ತಾತನ ಮನೆಯಲ್ಲಿ ಇದ್ದಳು. ಎರಡು ವರ್ಷದ ಹಿಂದಿನ ಧನುರ್ಮಾಸದ ಒಂದು ಬೆಳಿಗ್ಗೆ, ಜಗಲಿಯ ಮೇಲೆ ಕೂತು ಕೆಂದಿಯ ಮಗಳು ಬೆಳ್ಳಿಯ ಬಾಯಿ ಬಿಡಿಸಿ ನೋಡುತ್ತಿದ್ದ ತಾತ, "ಎರಡು ಹಲ್ಲಾಯ್ತು. ಈ ಸಲ ಇವಳೇ ಮೊದಲು" ಅಂದರು. ಕೆಂದಿ ಕುಂಟಾದ ಮೇಲೆ ಹುಟ್ಟಿದ ಒಂದೇ ಕರು ಬೆಳ್ಳಿ. ಇನ್ನೂ ಕರು ಹಾಕದ, ನೆರಳು ಕಂಡರೂ ಬೆಚ್ಚುವ ಕಡಸು.

"ಅವರಮ್ಮ ಬಿದ್ದಿದ್ದ ಜಾಗದಲ್ಲೇನಾ ತಾತ?"

"ಈಗ ಮರಳು ಹಾಕ್ತೀವಲ್ಲವ್ವ."

"ಮರಳು ಹಾಕಿದ್ದು ಸರಿ. ಹಾರ್ತೀನಿ ಅಂತ ಇವಳು ಹೇಳಿದ್ಲಾ?"

"ನಂಗೆ ಇಂಜೆಕ್ಷನ್ ಚುಚ್ಚಿ ಅಂತನೂ ಯಾವ ದನನೂ ಹೇಳಿಲ್ಲ. ಮೂವತ್ನಾಕು ವರ್ಷ ಚುಚ್ಸಿಲ್ವಾ?"

"ಅದು ಅವುಕ್ಕೋಸ್ಕರ ತಾತ. ಇದು ಯಾರಿಗೋಸ್ಕರ?"

ದೇವರಾಜು ಬೆಳ್ಳಿಯ ತುಟಿ ಬಿಟ್ಟರು. ಒಳಗಿನಿಂದ ಮಂಗಳಮ್ಮನ ದನಿ ಬಂತು: "ಹೂಂ ಹೇಳಿ ಈಗ, ಡಾಕ್ಟ್ರೇ."

ಅವರು ಸುಮ್ಮನೆ ಸೋಲುವವರಲ್ಲ. "ಅಂಗಾದ್ರೆ ನಿನ್ ಕಾಫಿಗೆ ಬಿದ್ದಿರೋ ಹಾಲು? ಅದುನ್ನ ಕೇಳ್ಕೊಂಡು ಕರೆದ್ನಾ?" ಅಂದರು. ಸಿಂಚನ ಲೋಟ ನೋಡಿದಳು, ತಾತನನ್ನು ನೋಡಿದಳು, ಲೋಟ ಕೆಳಗಿಟ್ಟಳು. ಹನ್ನೊಂದು ದಿನ ಕರೀ ಕಾಫಿ ಕುಡಿದಳು. ಮಂಗಳಮ್ಮ ಬೇಕೆಂದೇ ಅದಕ್ಕೆ ಡಿಕಾಕ್ಷನ್ ಜಾಸ್ತಿ ಹಾಕಿ ಕಹಿ ಮಾಡಿಕೊಡುತ್ತಿದ್ದರು. ಹನ್ನೆರಡನೆಯ ದಿನ ಅವಳಾಗಿ, "ಆಗ್ತಿಲ್ಲ ಅಜ್ಜಿ" ಎಂದು ಒಪ್ಪಿಕೊಂಡಳು. ತಾತ ನಗಲಿಲ್ಲ. "ಹನ್ನೊಂದು ದಿನ ತಡ್ಕೊಂಡ್ಳು ಕಣೇ. ನಾವು ಒಂದ್ ದಿನ ಯೋಚ್ನೆ ಮಾಡಿದ್ವಾ?" ಎಂದು ಹೆಂಡತಿಗೆ ಹೇಳಿದರು.

ಆ ಹನ್ನೊಂದು ದಿನದಲ್ಲಿ ತಾತ ಮೊಮ್ಮಗಳು ಆಡಿದ ಮಾತು ಬಹಳ. ಲೋಕದಲ್ಲಿ ಎರಡು ತರಹದವರಿದ್ದಾರೆ ತಾತ, ಎಂದಳು ಅವಳು. ಪ್ರಾಣಿಯನ್ನು ಬಳಸಿಕೋ, ಆದರೆ ನೋಯಿಸಬೇಡ, ಮೇವು ನೀರು ನೆರಳು ಕೊಡು ಎನ್ನುವವರು ಒಬ್ಬರು. ಅದು ನಿನ್ನ ಬಳಕೆಗೆ ಹುಟ್ಟಿದ್ದೇ ಅಲ್ಲ, ಅದರ ಬದುಕು ಅದರದು ಎನ್ನುವವರು ಇನ್ನೊಬ್ಬರು. ಮೊದಲನೆಯವರು ಪಂಜರ ದೊಡ್ಡದು ಮಾಡಿ ಅಂತಾರೆ, ಎರಡನೆಯವರು ಬಾಗಿಲು ತೆಗೀರಿ ಅಂತಾರೆ.

ಭಾನುವಾರಗಳಂದು ಚಾಮರಾಜಪುರಂನಿಂದ ಬಂದು ಕೂರುತ್ತಿದ್ದ ಹಳೆಯ ಗೆಳೆಯನಿಗೆ ದೇವರಾಜು ಇದನ್ನು ಹಾಗೇ ಒಪ್ಪಿಸಿದ್ದರು, ಪಾಠ ಒಪ್ಪಿಸುವ ಹುಡುಗನಂತೆ. "ಮೊದಲನೇದು ನನ್ ಸರ್ವೀಸು ಪೂರ್ತಿ ಮಾಡಿದ್ದು. ಅದು ಕೈಗೆ ಎಟುಕ್ತದೆ. ಎರಡನೇದು ಎಟುಕಲ್ಲ. ಬಾಗಿಲು ತೆಗೆದ್ರೆ ಬೆಳ್ಳಿ ಎಲ್ಲಿಗೆ ಹೋಗ್ತಾಳೆ ಹೇಳಿ? ರಿಂಗ್ ರೋಡಿಗೆ. ಆದ್ರೂ..." ಎಂದು ಕೊಟ್ಟಿಗೆಯ ಕಡೆ ತಿರುಗಿ, "ಕೆಂದಿಗೆ ನಾನು ನೀರು ಹಾಕಿದ್ದೂ ತಪ್ಪಲ್ಲ, ಮರಳು ಹಾಕದೆ ಇದ್ದಿದ್ದೂ ತಪ್ಪಲ್ಲ. ಹಾರಿಸಿದ್ದು. ಐದು ವರ್ಷದಿಂದ ನಾನು ಬರೀ ನೆಲದ ವಿಚಾರ ಯೋಚ್ನೆ ಮಾಡ್ತಿದ್ದೆ" ಅಂದರು.

ಆದರೆ ಹಾರಿಸದೆ ಬಿಡುವುದು ಸುಲಭವಿರಲಿಲ್ಲ. ಅದರ ಹಿಂದಿನ ವರ್ಷ ಚರ್ಮಗಂಟು ರೋಗ ಬಂದು ಬೀದಿಯಲ್ಲಿ ಆರು ದನ ಹೋಗಿದ್ದವು. ಲಸಿಕೆ ಹಾಕಿಸಲು ದೇವರಾಜು ಮನೆಮನೆ ತಿರುಗಿದ್ದರು. ಜನ ಲಸಿಕೆಯನ್ನೂ ಹಾಕಿಸಿದರು, ಕಿಚ್ಚನ್ನೂ ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು. ಮೊದಲ ದನ ಹಾಯದಿದ್ದರೆ ಕೇಡು ಇಡೀ ಬೀದಿಗೆ. ಬೆಳ್ಳಿಯನ್ನು ಮನೆಯಲ್ಲೇ ಕಟ್ಟಿಹಾಕಿದರೆ ಊರಿಗೆ ಮೋಸ. ಎಳೆದುಕೊಂಡು ಹಾರಿಸಿದರೆ ಬೆಳ್ಳಿಗೆ. ಹಬ್ಬದ ಬೆಳಿಗ್ಗೆ ಅವರು ಎಳ್ಳುಬೆಲ್ಲವನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನ ಎದ್ದು ಹೋಗಿ ಹುಲ್ಲು ಹಾಸಿದರು. ಪ್ರತಿವರ್ಷ ಈ ಗೋಡೆಯಿಂದ ಆ ಗೋಡೆಗೆ ಹಾಸಬೇಕು, ದನಕ್ಕೆ ಬೇರೆ ದಾರಿ ಇರಬಾರದು. ಆ ವರ್ಷ ಎಡಗಡೆಯ ಗೋಡೆಯ ಪಕ್ಕ ನಾಲ್ಕು ಮೊಳ ಖಾಲಿ ಬಿಟ್ಟರು.

"ಹುಲ್ಲು ಸಾಲ್ದಾ ಅಣ್ಣ? ತತ್ತೀನಿ ಇರು" ಎಂದ ರಾಜೇಶ. ಆಟೋ ಓಡಿಸುವವನು, ಬೀದಿಯ ಯುವಕ ಸಂಘದ ಮುಂದಾಳು; ಅವನಿಗೆ ದೊಡ್ಡ ಬೆಂಕಿಯ ಆಸೆ.

"ಹುಲ್ಲು ಐತೆ. ಅದು ದಾರಿ."

"ಯಾರಿಗೆ ದಾರಿ?"

"ದನಕ್ಕೆ. ಹಾರೋ ಮನಸಿದ್ರೆ ಹಾರ್ಲಿ. ಇಲ್ಲ ಅಂದ್ರೆ ಅತ್ಲಾಗಿಂದ ಹೋಗ್ಲಿ. ಕೋಲು ಬ್ಯಾಡ, ತಮಟೆ ಬ್ಯಾಡ, ಯಾರೂ ಹಿಂದಿಂದ ಅಟ್ಟಬ್ಯಾಡಿ."

ರಾಜೇಶ ಇಡೀ ಬೀದಿಗೆ ಕೇಳುವಂತೆ ಕೂಗಿದ: "ಲೇ ಬನ್ರಲೇ! ನಮ್ ದೇವ್ರಾಜಣ್ಣ ದನಗಳಿಗೆ ಎಲೆಕ್ಷನ್ ಇಟ್ಟವ್ರೆ!"

"ಬೆಳ್ಳಿಗೆ ಓಟರ್ ಕಾರ್ಡ್ ಮಾಡ್ಸಿದ್ಯಾ ಅಣ್ಣ?" ಎಂದಿತು ಇನ್ನೊಂದು ದನಿ. ಜನ ನಕ್ಕರು. ಊರ ಯಜಮಾನರಾದ ನಂಜುಂಡಯ್ಯ ಮಾತ್ರ ನಗಲಿಲ್ಲ. ಹತ್ತಿರ ಬಂದು ಮೆಲ್ಲಗೆ, "ದೇವರಾಜು, ಮಕ್ಕಳಾಟ ಅಲ್ಲ ಇದು. ನಾಳೆ ಒಂದು ಕರು ಕೆಮ್ಮಿದ್ರೂ ನಿನ್ ಬಾಗಿಲಿಗೆ ಬತ್ತಾರೆ" ಅಂದರು.

"ಬರ್ಲಿ ಬುಡಿ. ಕೆಮ್ಮಿಗೆ ಔಸದಿ ನನ್ ತಾವ ಐತೆ."

ಹೊತ್ತು ಮುಳುಗುವಾಗ ಹುಲ್ಲಿಗೆ ಬೆಂಕಿ ಇಟ್ಟರು. ಮಂಚಮ್ಮ ಬೆಳ್ಳಿಯನ್ನು ಹಿಡಿದುಕೊಂಡು ಬಂದರು. ದೇವರಾಜು ಅವಳ ಕೊರಳಿನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಪಕ್ಕಕ್ಕೆ ಸರಿದರು. ಈ ಒಂದು ಕಡಸಿನ ನಾಲ್ಕು ಹೆಜ್ಜೆಯ ಮೇಲೆ ಮೂರು ತಲೆಮಾರಿನ ಮರ್ಯಾದೆ ನಿಂತಿತ್ತು.

ಬೆಳ್ಳಿ ಬೆಂಕಿ ನೋಡಿದಳು. ಕಿವಿ ಮುಂದಕ್ಕೆ ಬಂತು, ಹಿಂದಕ್ಕೆ ಹೋಯಿತು. ಯಾರೂ ಕೂಗಲಿಲ್ಲ, ಅಷ್ಟು ಜನರಿದ್ದೂ ಹುಲ್ಲು ಚಟಚಟ ಅನ್ನುವುದು ಕೇಳುತ್ತಿತ್ತು. ಆಮೇಲೆ ಅವಳು ಎಡಕ್ಕೆ ತಿರುಗಿ, ಗೋಡೆಯ ಪಕ್ಕದ ದಾರಿಯಲ್ಲಿ, ಸಂತೆಗೆ ಹೊರಟ ಹೆಂಗಸಿನಷ್ಟು ನಿಧಾನವಾಗಿ ನಡೆದು ಆಚೆ ಹೋಗಿ, ನಂಜುಂಡಯ್ಯನವರ ಬಾಗಿಲಿಗೆ ಕಟ್ಟಿದ್ದ ಕಬ್ಬಿನ ಸೋಗೆಗೆ ಬಾಯಿ ಹಾಕಿದಳು.

ಆ ಸಂಜೆ ಹತ್ತೊಂಬತ್ತು ದನ ಬಂದವು. ಹದಿನೇಳು ಪಕ್ಕದ ದಾರಿ ಹಿಡಿದವು. ಹಾರಿದ್ದು ಎರಡೇ. ಒಂದು, ತನ್ನ ಯಜಮಾನ ಮುಂದೆ ಹಾರಿದನೆಂದು ಅವನ ಹಿಂದೆಯೇ ಹಾರಿತು. ಇನ್ನೊಂದು ರಾಜೇಶನ ಮುದಿ ಹಸು. ಯಾರೂ ಅಟ್ಟದೆ, ಅಭ್ಯಾಸಬಲದಿಂದಲೋ ಏನೋ, ನೇರ ಹೋಗಿ ಹಾರಿತು. "ನೋಡಿದ್ರಾ! ನೋಡಿದ್ರಾ!" ಎಂದು ರಾಜೇಶ ಕುಣಿದ. ದೇವರಾಜು, "ನೋಡ್ದೆ ಕಣಪ್ಪ. ಅದರ ಇಷ್ಟ ಅದು" ಎಂದರು. ಆ ಮುದಿ ಹಸುವಿನ ವಿಚಾರ ಅವರನ್ನು ಕೊನೆಯ ತನಕ ಕಾಡಿತು. ತಮಗೆ ಅನುಕೂಲವಾದ ಹದಿನೇಳನ್ನು ಎಣಿಸಿ ಸುಮ್ಮನಾಗುವ ಜಾಯಮಾನ ಅವರದಲ್ಲ.

ಇದಕ್ಕೆ ಊರು ಬೆಲೆ ಕೇಳಿತು. ಶಿವರಾತ್ರಿಯ ಹೊತ್ತಿಗೆ ಬೀದಿಯ ಒಂದು ಹಸುವಿಗೆ ಕೆಚ್ಚಲುಬಾವು ಬಂತು. ಎಲ್ಲರೂ ಎಡಗಡೆಯ ಆ ದಾರಿಯ ಕಡೆ ಬೆರಳು ತೋರಿಸಿದರು. ಹಸುವಿನವರು ಅವರನ್ನು ಕರೆಯಲಿಲ್ಲ. ಅವರೇ ಹೋಗಿ ಬಾಗಿಲಲ್ಲಿ ನಿಂತರು. "ಬೈಯೋದಿದ್ರೆ ಬೈದ್ಬುಡವ್ವ ಮೊದ್ಲು, ಆಮೇಲೆ ಬಿಸಿನೀರು ಕೊಡು" ಅಂದರು. ಆಕೆ ಚೆನ್ನಾಗಿಯೇ ಬೈದಳು. ಆಮೇಲೆ ಬಿಸಿನೀರು ಕೊಟ್ಟಳು. ಒಂಬತ್ತು ದಿನ ಎರಡು ಹೊತ್ತೂ ಹೋಗಿ ಹಿಂಡಿ ತೊಳೆದು ಬಂದರು. ಆದರೂ ಊರಿನ ಸಭೆಯಲ್ಲಿ, ಮುಂದಿನ ವರ್ಷದಿಂದ ಹುಲ್ಲು ಹಾಸುವುದು ರಾಜೇಶ, ಮೊದಲ ದನವೂ ಅವನದೇ ಎಂದು ತೀರ್ಮಾನವಾಯಿತು. ತಾತನ ಕಾಲದ ಕೆಲಸ ಕೈಬಿಟ್ಟು ಹೋಯಿತು. "ಒಳ್ಳೇದಾಯ್ತು, ಮೊಣಕಾಲು ನೋಯ್ತಿತ್ತು" ಎಂದರು ಮನೆಗೆ ಬಂದು. ರಾತ್ರಿ ಊಟಕ್ಕೆ ಏಳಲಿಲ್ಲವೆಂದು ಮಂಗಳಮ್ಮ ಹೇಳುತ್ತಾರೆ.

ಮರುವರ್ಷ ಕಿಚ್ಚು ಗೋಡೆಯಿಂದ ಗೋಡೆಗೆ, ರಾಜೇಶನ ಸೊಂಟದೆತ್ತರ. ಬೆಳ್ಳಿ ಕೊಟ್ಟಿಗೆಯಲ್ಲೇ ಉಳಿದಳು. ದೇವರಾಜು ಮಾತ್ರ ಮುಲಾಮಿನ ಡಬ್ಬಿ, ಹತ್ತಿ, ಒಂದು ಕೊಡ ತಣ್ಣೀರು ತೆಗೆದುಕೊಂಡು ಹೊರಟರು.

"ಬೇಡ ಅನ್ನೋರು ಮತ್ತೆ ಯಾಕೆ ಹೋಗ್ತೀರ ತಾತ? ನೀವು ಹೋದ್ರೆ ಒಪ್ಪಿದ ಹಾಗಲ್ವಾ?" ಎಂದು ಸಿಂಚನ ಅಡ್ಡ ನಿಂತಳು.

"ನಮ್ಮನೆ ದನಕ್ಕೆ ಬ್ಯಾಡ ಅಂದೆ, ಆಯ್ತು. ಊರಿನವಕ್ಕೆ ಬ್ಯಾಡ ಅನ್ನೋ ಶಕ್ತಿ ನಂಗಿಲ್ಲ. ಆದ್ರೆ ಅವು ಹಾಯೋದು ಹಾಯ್ತವಲ್ಲ? ಅವುಕ್ಕೆ ಯಾರು? ನೀನು ಬಾಗಿಲು ತೆಗ್ಸೋ ಕೆಲ್ಸ ಮಾಡವ್ವ. ತೆಗೆಯೋ ತನಕ ಒಳಗಿರೋವಕ್ಕೆ ನೀರಿಡೋರು ಬೇಕು."

ಅವಳು ದಾರಿ ಬಿಟ್ಟಳು. ಕೊಡವನ್ನು ತಾನೇ ಹೊತ್ತಳು.

ಆ ಸಂಜೆ ರಾಜೇಶನ ಮುದಿ ಹಸು ಬೆಂಕಿಯ ಎದುರು ನಿಂತುಬಿಟ್ಟಿತು. ಹಿಂದಿನ ವರ್ಷ ತಾನಾಗಿ ಹಾರಿದ್ದು ಈಗ ಹಾರಲೊಲ್ಲದು. ಹಿಂದಿನಿಂದ ಅಟ್ಟಿದರು. ಹಾರಿತು, ಆದರೆ ಹೊಟ್ಟೆಯ ಕೆಳಗೆ ಸುಟ್ಟುಕೊಂಡಿತು. ದೇವರಾಜು ನೆಲದ ಮೇಲೆ ಮಲಗಿ, ಹಸುವಿನ ಕೆಳಗೆ ತೆವಳಿ, ನೀರು ಹನಿಸಿ ಮುಲಾಮು ಹಚ್ಚಿದರು. ಎದ್ದಾಗ ಹೊಸ ಪಂಚೆಯೆಲ್ಲ ಮಸಿ. ರಾಜೇಶ ತಲೆ ತಗ್ಗಿಸಿ, "ಬೈಯಣ್ಣ" ಅಂದ.

"ಯಾಕ್ಲಾ ಬೈಲಿ? ನಾನು ಇದೇ ಮಾಡಿರೋನು" ಎಂದು ಮನೆಗೆ ನಡೆದರು.

ಹೋದ ಕಾರ್ತಿಕದ ಒಂದು ಬೆಳಿಗ್ಗೆ ದೇವರಾಜು ಹಾಲು ಕರೆಯುವ ಮೊದಲು ಕೊಟ್ಟಿಗೆಯಲ್ಲಿ ಬಿಸಿನೀರಿನ ಬಕೀಟಿಗೆ ಕೈ ಅದ್ದಿಕೊಂಡು ಕೂತರು. ಕೂತವರು ಏಳಲಿಲ್ಲ. ಮಂಗಳಮ್ಮ ಹೋಗಿ ನೋಡಿದಾಗ ಗೋಡೆಗೆ ಒರಗಿದ್ದರಂತೆ, ನೀರಿನ್ನೂ ಬೆಚ್ಚಗಿತ್ತು. ಆ ದಿನ, ಈಚೆಗೆ ಕರು ಹಾಕಿದ್ದ ಬೆಳ್ಳಿಯನ್ನು ಯಾರೂ ಕರೆಯಲಿಲ್ಲ. ಕರು ಹೊಟ್ಟೆ ತುಂಬ ಕುಡಿಯಿತು.

ಈ ಸಂಕ್ರಾಂತಿಗೆ ಅವರ ಮನೆಯಲ್ಲಿ ಹಬ್ಬವಿರಲಿಲ್ಲ. ಸಂಜೆ ಮಂಚಮ್ಮ, ಮಂಗಳಮ್ಮ, ಸಿಂಚನ, ಚಾಮರಾಜಪುರಂನ ಗೆಳೆಯ ಜಗಲಿಯ ಮೇಲೆ ಕೂತಿದ್ದರು. ರಾಜೇಶ ಹುಲ್ಲು ಹಾಸುತ್ತಿದ್ದ. ಹಾಸಿ ಮುಗಿಸಿ, ಪ್ಯಾಂಟು ಮಡಿಚಿ, ಸಾಲಿನ ಉದ್ದಕ್ಕೂ ನಡೆದ. ಅವನ ಮೊಣಕಾಲು ಎತ್ತರದ್ದು. ಸ್ವಲ್ಪ ನಿಂತು ಯೋಚಿಸಿ, ಅದಕ್ಕಿಂತ ಒಂದು ಗೇಣು ಕೆಳಕ್ಕೆ ಹುಲ್ಲು ತುಳಿದು ತಗ್ಗಿಸಿದ. ಆಮೇಲೆ ಎಡಗಡೆಯ ಗೋಡೆಯ ಹತ್ತಿರ ಹೋಗಿ, ಹಾಸಿದ್ದ ಹುಲ್ಲನ್ನು ಕಾಲಿನಿಂದ ಸರಿಸತೊಡಗಿದ.

"ಯಾಕಪ್ಪ ಅಲ್ಲಿ ತೆಗೀತಿದ್ದೀಯ?" ಎಂದು ನಂಜುಂಡಯ್ಯ ಕೇಳಿದರು.

"ಬೈಕ್ ಹೋಗಕ್ಕೆ ಜಾಗ ಬೇಕಲ್ವಾ ಯಜಮಾನ್ರೇ. ಪಿ.ಜಿ. ಹುಡುಗ್ರು ಗಲಾಟೆ ಮಾಡ್ತಾವೆ."

ನಂಜುಂಡಯ್ಯ ಆ ಜಾಗವನ್ನು ನೋಡಿದರು. ನಾಲ್ಕು ಮೊಳ. ಜಗಲಿಯ ಕಡೆ ನೋಡಿದರು. ತಮ್ಮ ಬಾಗಿಲಿಗೆ ಕಟ್ಟಿದ್ದ ಕಬ್ಬಿನ ಸೋಗೆಯನ್ನು ಬಿಚ್ಚಿ, ಆಚೆ ಬದಿಯಲ್ಲಿ ನೆಲದ ಮೇಲೆ ಹರಡಿದರು.

"ಹೂಂ ಕಣಪ್ಪ, ಬೈಕಿಗೇ" ಎಂದರು ಮಂಚಮ್ಮ. ಸೆರಗಿನಿಂದ ಮುಖ ಒರೆಸಿಕೊಂಡು, ಬೆಳ್ಳಿಯ ಹಗ್ಗ ಬಿಚ್ಚಲು ಕೊಟ್ಟಿಗೆಯ ಕಡೆ ಎದ್ದು ಹೋದರು.